ರೈಟ್ರಪ್ಪನ ಪದ

ಜೊಳ್ಳು ಬ್ಯಾಂಡ್ ಯಾಕೆ ನಿಂತುಹೋಯಿತು ಎಂದು ಸಕಲೇಶಪುರದಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತು ಕಥೆ ಹೇಳುತ್ತಾರೆ. ಜೇಬಾಗೆ ಗಂಡು ಗೊತ್ತಾಯಿತಂತೆ, ಧರ್ಮ ಕುಡಿಯುವುದಕ್ಕೆ ಶುರು ಮಾಡಿದನಂತೆ, ದ್ರಾಕ್ಷಾಯಣಿಗೆ ತಲೆ ತಿರುಗಿತಂತೆ. ಮೂರೂ ಶುದ್ಧ ಸುಳ್ಳು. ಜೇಬಾ ಇವತ್ತಿಗೂ ನೋಡಲು ಬಂದ ಗಂಡುಗಳಿಗೆಲ್ಲ ಟೀ ಕೊಟ್ಟು ವಾಪಸ್ ಕಳಿಸುತ್ತಿದ್ದಾಳೆ. ಧರ್ಮ ಕುಡಿಯುವುದು ಬೆಲ್ಲದ ಕಾಫಿ ಮಾತ್ರ. ಇನ್ನು ದ್ರಾಕ್ಷಾಯಣಿ ಅಂದರೆ ನಾನು. ನನ್ನ ತಲೆ ಹುಟ್ಟಿದಾಗಿನಿಂದ ಹೀಗೇ ಇದೆ, ಹೊಸದಾಗಿ ತಿರುಗುವುದಕ್ಕೆ ಏನೂ ಉಳಿದಿಲ್ಲ. ಬ್ಯಾಂಡ್ ನಿಲ್ಲಿಸಿದವಳು ನಾನೇ, ನಮ್ಮಪ್ಪನಿಗೋಸ್ಕರ ನಿಲ್ಲಿಸಿದೆ. ಅದನ್ನು ಸರಿಯಾಗಿ ಒಂದು ಸಲ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳಬೇಡಿ.

ನಮ್ಮಪ್ಪ ಜವರಪ್ಪ, ಹೆತ್ತೂರಿನ ಆಚೆಗಿರುವ ಮೂರುಹಳ್ಳ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷದಿಂದ ರೈಟರ್. ಬೆಳಿಗ್ಗೆ ಎಂಟಕ್ಕೆ ಆಳುಗಳ ಹಾಜರಿ ಕರೆಯಬೇಕು, ಯಾರು ಯಾವ ಸಾಲು ಕೊಯ್ಯಬೇಕೆಂದು ಹೇಳಬೇಕು, ಸಂಜೆ ಕಣದಲ್ಲಿ ಅವರವರ ಚೀಲದ ಕಾಫಿ ಹಣ್ಣು ತೂಗಿಸಿ ಬರೆದುಕೊಳ್ಳಬೇಕು. ಸಾಹುಕಾರರು ಬೈಯುವುದೂ ರೈಟರಿಗೇ, ಆಳುಗಳು ಶಾಪ ಹಾಕುವುದೂ ರೈಟರಿಗೇ. ಅಪ್ಪನೂ ಏನು ಕಮ್ಮಿಯಿಲ್ಲ, ಬೆಳಗಿನಿಂದ ಸಂಜೆಯವರೆಗೆ ಹೆಂಗಸರ ಮೇಲೆ ಕೂಗಾಡುತ್ತಾನೆ. ಕೋಪ ನನಗೆ ಎಲ್ಲಿಂದ ಬಂತು ಎಂದು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಆದರೆ ಮೂರುಹಳ್ಳದಲ್ಲಿ ಒಂದು ಪದ್ಧತಿ ಇದೆ. ಬೇರೆ ಎಸ್ಟೇಟುಗಳಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಫೆಬ್ರವರಿಯಲ್ಲಿ ಕೊಯ್ಲು ಮುಗಿಯುವ ದಿನ, ಕಡೆಯ ಚೀಲ ತೂಗಿದ ಮೇಲೆ, ಹೆಂಗಸರೆಲ್ಲ ಕಣದಲ್ಲಿ ಖಾಲಿ ಚೀಲ ಹಾಸಿಕೊಂಡು ಕೂರುತ್ತಾರೆ. ರೈಟರ್ ಒಂದು ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಲ್ಲಬೇಕು. ಕೊಯ್ಯುವವರಲ್ಲೆಲ್ಲ ಹಿರಿಯಳಾದ ಬಸಮ್ಮ ಪದ ಎತ್ತುತ್ತಾಳೆ, ಉಳಿದವರು ಸೊಲ್ಲು ಹಾಕುತ್ತಾರೆ. ಆ ವರ್ಷ ರೈಟರ್ ಎಲ್ಲಿ ಜಾರಿಬಿದ್ದ, ಯಾರಿಗೆ ಸುಮ್ಮಸುಮ್ಮನೆ ಬೈದ, ಯಾವ ದಿನ ಹೆಂಡತಿಯ ಹತ್ತಿರ ಉಗಿಸಿಕೊಂಡು ಬಂದ, ಎಲ್ಲವೂ ಆ ಪದದಲ್ಲಿ ಬರುತ್ತದೆ. ರೈಟರ್ ಒಂದು ಮಾತು ಎದುರಾಡುವಂತಿಲ್ಲ, ಪೆಟ್ಟಿಗೆಯಿಂದ ಇಳಿಯುವಂತಿಲ್ಲ. ಪದ ಮುಗಿದ ಮೇಲೆ ಎಲ್ಲರಿಗೂ ಮೈಸೂರುಪಾಕು ಹಂಚಬೇಕು. ಆ ಪದವನ್ನು ಕಣದಲ್ಲೇ ಬಿಟ್ಟು ಹೋಗಬೇಕು, ಮಾರನೆಯ ದಿನ ಅದನ್ನು ಯಾರೂ ಗುನುಗುವುದೂ ಇಲ್ಲ. ಮುಂದಿನ ವರ್ಷಕ್ಕೆ ಹೊಸ ಪದ.

ಅಪ್ಪ ಆ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗುತ್ತಿದ್ದ. ನಾನು ಅದನ್ನು ಚಿಕ್ಕಂದಿನಿಂದ ನೋಡಿದ್ದೆ. ಯಾಕೆ ಎಂದು ಯೋಚನೆ ಮಾಡಿರಲಿಲ್ಲ, ನೋಡಿ, ಅಲ್ಲೇ ನಾನು ಎಡವಿದ್ದು.

ಬ್ಯಾಂಡ್ ಹುಟ್ಟಿದ್ದು ಎಸ್ಟೇಟಿನ ಪಲ್ಪರ್ ಶೆಡ್ಡಿನಲ್ಲಿ. ಹಣ್ಣಿನ ಸಿಪ್ಪೆ ಸುಲಿಯುವ ಆ ಮೆಷಿನ್ನು ಕೊಯ್ಲು ಮುಗಿದ ಮೇಲೆ ಒಂಬತ್ತು ತಿಂಗಳು ಸುಮ್ಮನೆ ಮಲಗಿರುತ್ತದೆ. ಶೆಡ್ಡಿನ ಬೀಗದ ಕೈ ಅಪ್ಪನ ಹತ್ತಿರ ಇತ್ತು, ಅಪ್ಪನ ಹತ್ತಿರ ಇರುವುದೆಲ್ಲ ನನ್ನದೇ. ನಾನು ಡ್ರಮ್ಮು. ಜೇಬಾ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಸಕಲೇಶಪುರದಲ್ಲಿ ಪಿಕಪ್ ಗಾಡಿಗಳನ್ನು ಇಟ್ಟಿರುವ ಯಾಕೂಬ್ ಸಾಹೇಬರ ಮಗಳು. ಹಾಡುವುದೂ ಅವಳೇ, ಕೀಬೋರ್ಡೂ ಅವಳದೇ. ಧರ್ಮ ವನಗೂರಿನವನು, ಪ್ರವಾಸಿಗಳನ್ನು ಜೀಪಿನಲ್ಲಿ ಗುಡ್ಡ ಹತ್ತಿಸುತ್ತಾನೆ, ಗಿಟಾರ್ ಬಾರಿಸುತ್ತಾನೆ. ಹೆಸರಿಟ್ಟಿದ್ದು ಅಪ್ಪ. ಕಾಫಿ ಹಣ್ಣನ್ನು ನೀರಿನ ತೊಟ್ಟಿಗೆ ಸುರಿದಾಗ ಗಟ್ಟಿ ಹಣ್ಣು ತಳಕ್ಕೆ ಹೋಗುತ್ತದೆ, ಜೊಳ್ಳು ಮೇಲೆ ತೇಲುತ್ತದೆ.

"ಯಾವ್ ಕೆಲ್ಸಕ್ಕೂ ಬರ್ದೆ ಮೂರೂ ಜೊಳ್ಳು ಒಂದೇ ಕಡೆ ತೇಲ್ತಾ ಅವೆ ನೋಡು," ಎಂದು ಅಪ್ಪ ಬಾಗಿಲಲ್ಲಿ ನಿಂತು ನಕ್ಕ.

ಜೇಬಾ ಆ ಹೆಸರನ್ನು ತಕ್ಷಣ ಬಾಚಿಕೊಂಡಳು.

ಮೊದಲ ಎರಡು ವರ್ಷ ನಮ್ಮನ್ನು ಯಾರೂ ಮೂಸಿ ನೋಡಲಿಲ್ಲ. ಯಸಳೂರಿನಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದರು. ಎರಡನೆಯ ಹಾಡಿಗೇ ಮೈಕು ಕಿತ್ತುಕೊಂಡು ಬಹುಮಾನ ಕೊಡಲು ಶುರು ಮಾಡಿದರು. ಒಂದು ಮದುವೆ ರಿಸೆಪ್ಷನ್ನಿನಲ್ಲಿ ಗಂಡಿನ ಮಾವ ಬಂದು, "ಸ್ವಲ್ಪ ಮೆಲ್ಲಗೆ ಬಡೀರಮ್ಮ, ಜನ ಊಟ ಮಾಡ್ಬೇಕಲ್ವಾ," ಎಂದರು. ಡ್ರಮ್ಮನ್ನು ಮೆಲ್ಲಗೆ ಬಡಿಯುವುದು ಹೇಗೆ ಮಾರಾಯ್ರೇ, ನೀವೇ ಹೇಳಿ. ನಾನು ಇನ್ನೂ ಜೋರಾಗಿ ಬಡಿದೆ. ನಮಗೆ ಊಟ ಹಾಕದೆ ಕಳಿಸಿದರು.

ಮೂರನೆಯ ವರ್ಷ ಜೂನ್‌ನಲ್ಲಿ ಶೆಡ್ಡಿನ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು, ಹೊಸ ಹಾಡು ಯಾವುದೂ ಹೊಳೆಯುತ್ತಿರಲಿಲ್ಲ. ಸುಮ್ಮನೆ ಕೂತವಳು ಆ ಫೆಬ್ರವರಿಯಲ್ಲಿ ಬಸಮ್ಮ ಅಪ್ಪನ ಮೇಲೆ ಕಟ್ಟಿದ ಪದವನ್ನು ಬಾಯಲ್ಲಿ ಅಂದೆ. ಹಿಂದಿನ ಮಳೆಗಾಲದಲ್ಲಿ ಅಪ್ಪನ ಕಾಲಿಗೆ ರಕ್ತ ಹೀರುವ ಇಂಬಳ ಹತ್ತಿ, ಅವನು ಪಂಚೆ ಎತ್ತಿಕೊಂಡು ಕಾಫಿ ಗಿಡಗಳ ಮಧ್ಯೆ ಕುಣಿದಾಡಿದ್ದ. ಅದರ ಮೇಲಿನ ಪದ. ಹೇಗೂ ಊರೆಲ್ಲ ಹರಡಿದೆ, ನಾಲ್ಕು ಸಾಲು ಇಲ್ಲಿ ಬರೆದರೆ ಹೊಸ ಪಾಪವೇನೂ ಬರುವುದಿಲ್ಲ:

ಕುಣಿ ರೈಟ್ರಪ್ಪಾ ಕುಣಿ
ಕಾಲಿಗ್ ಹತ್ತಿತು ಇಂಬಳ
ನಮ್ಮೇಲ್ ಹುಲಿಯಂಗ್ ಹಾರ್ತೀಯಲ್ಲ
ಇಂಬಳ ಕಂಡ್ರೆ ತಳಮಳ

ಜೇಬಾ ಎದ್ದು ನಿಂತೇಬಿಟ್ಟಳು. "ಯಾ ಅಲ್ಲಾ! ಇಂಥದ್ದನ್ನ ಹೊಟ್ಟೇಲಿ ಇಟ್ಕೊಂಡು ಎರಡು ವರ್ಷದಿಂದ ನಮ್ಹತ್ರ ಚಂದ್ರ, ನಕ್ಷತ್ರ ಅಂತ ಹಾಡಿಸ್ತಿದ್ಯಲ್ಲೇ!"

ಧರ್ಮ ಆಗಲೇ ಗಿಟಾರ್ ಎತ್ತಿಕೊಂಡಿದ್ದ. ಬಸಮ್ಮನನ್ನು ಕೇಳಬೇಕಾಗಿತ್ತು. ಅಪ್ಪನನ್ನು ಕೇಳಬೇಕಾಗಿತ್ತು. ಕೇಳಿದ್ದರೆ ಬೇಡ ಅನ್ನುತ್ತಾರೆ ಎಂದು ನನಗೆ ಒಳಗೊಳಗೇ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ವಿಡಿಯೋ ಹಾಕಿದ ಒಂದು ತಿಂಗಳಿಗೆ ಹತ್ತು ಲಕ್ಷ ಜನ ನೋಡಿದರು. ಹಾಸನದ ಕಾಲೇಜುಗಳು ಕರೆದವು, ರೆಸಾರ್ಟಿನವರು ಹೊಸ ವರ್ಷಕ್ಕೆ ಕರೆದರು, ಮೂಡಿಗೆರೆಯಲ್ಲಿ ಒಬ್ಬರು ಮಗುವಿನ ನಾಮಕರಣಕ್ಕೂ ಕರೆದರು. ಯಾಕೂಬ್ ಸಾಹೇಬರು ಒಂದು ಪಿಕಪ್ಪಿನ ಮೇಲೆ "ಜೊಳ್ಳು" ಎಂದು ಕೆಂಪು ಬಣ್ಣದಲ್ಲಿ ಬರೆಸಿ, ನಮ್ಮ ಸಾಮಾನು ಹೊರಲು ಬಿಟ್ಟುಕೊಟ್ಟರು. ಆ ಗಾಡಿಯಲ್ಲಿ ಮಾರನೆಯ ದಿನ ಮೆಣಸು ತುಂಬಿಕೊಂಡು ಹೋದರೆ, ಮೆಣಸೆಲ್ಲ ಜೊಳ್ಳಾ ಎಂದು ವ್ಯಾಪಾರಿಗಳು ಕೇಳುತ್ತಿದ್ದರಂತೆ. ಸಾಹೇಬರು ಬಣ್ಣ ಅಳಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಎಂಟು ತಿಂಗಳು ನನ್ನ ಕಾಲು ನೆಲದ ಮೇಲಿರಲಿಲ್ಲ. ಸಾವಿರ ಜನ ಒಟ್ಟಿಗೆ "ಕುಣಿ ರೈಟ್ರಪ್ಪಾ" ಎಂದು ಕೂಗುವಾಗ ಡ್ರಮ್ಮಿನ ಹಿಂದೆ ಕೂತವಳ ಸುಖ ನಿಮಗೆ ಹೇಳಿದರೆ ತಿಳಿಯುವುದಿಲ್ಲ.

ರೈಟ್ರಪ್ಪ ಯಾರು ಎನ್ನುವುದು ಎಷ್ಟು ದಿನ ಮುಚ್ಚಿರುತ್ತದೆ? ಹೆತ್ತೂರಿನ ಬಸ್ಸಿನಲ್ಲಿ ಕಂಡಕ್ಟರು, "ಒಂದ್ ಸ್ಟೆಪ್ ಹಾಕಿ ರೈಟ್ರೇ, ಟಿಕೆಟೇ ಬ್ಯಾಡ," ಎನ್ನುತ್ತಿದ್ದ. ಹೊರಗಿನಿಂದ ಕೊಯ್ಲಿಗೆ ಬಂದ ಆಳುಗಳು ಅಪ್ಪ ಹಾಜರಿ ಕರೆಯುವಾಗ ಇಂಬಳ ಹತ್ತಿದವರಂತೆ ಕಾಲು ಕೆರೆದುಕೊಂಡು ಕಿಸಿಕಿಸಿ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಅವನು ನಕ್ಕಿದ್ದು ಕಂಡು ನಾನು ಎಲ್ಲ ಸರಿಯಾಗಿದೆ ಅಂದುಕೊಂಡೆ.

ಮುಂದಿನ ಫೆಬ್ರವರಿಯಲ್ಲಿ ಕೊಯ್ಲಿನ ಕೊನೆಯ ದಿನ ನಾವು ಮಂಗಳೂರಿನಲ್ಲಿ ಹಾಡುತ್ತಿದ್ದೆವು. ಮಾರನೆಯ ದಿನ ಮಧ್ಯಾಹ್ನ ಮನೆಗೆ ಬಂದರೆ ಮೇಜಿನ ಮೇಲೆ ಐದು ಕೆಜಿ ಮೈಸೂರುಪಾಕು, ಕಟ್ಟಿದ ದಾರ ಕಟ್ಟಿದಂತೆಯೇ ಇದೆ.

"ಯಾಕವ್ವ, ಹಂಚ್ಲಿಲ್ವಾ?" ಎಂದು ಕೇಳಿದೆ.

"ಯಾರ್ಗೆ ಹಂಚೋದು? ಪದಾನೇ ಹೇಳ್ಲಿಲ್ಲ," ಎಂದಳು ಅವ್ವ.

ಅಪ್ಪ ಎಂದಿನಂತೆ ಇಸ್ತ್ರಿ ಶರ್ಟು ಹಾಕಿಕೊಂಡು ಪೆಟ್ಟಿಗೆ ಹತ್ತಿ ನಿಂತನಂತೆ. ಹೆಂಗಸರು ಮುಖ ಮುಖ ನೋಡಿಕೊಂಡರಂತೆ. ಕೊನೆಗೆ ಬಸಮ್ಮ, "ನಿಮ್ ಪದ ಫೋನಲ್ಲೇ ಐತಲ್ಲ ರೈಟ್ರೇ, ಹಾಕ್ತೀನಿ ತಡೀರಿ," ಎಂದು ಪಕ್ಕದವಳ ಫೋನಿನಲ್ಲಿ ನಮ್ಮ ಹಾಡು ಹಾಕಿದಳಂತೆ. ಮೂರೂವರೆ ನಿಮಿಷ ಆ ಫೋನು ಹಾಡಿತು. ಅಪ್ಪ ಪೆಟ್ಟಿಗೆಯ ಮೇಲೆ ನಿಂತೇ ಇದ್ದ. ಹಾಡು ಮುಗಿದ ಮೇಲೆ ಹೆಂಗಸರು ಸೆರಗು ಕೊಡವಿಕೊಂಡು, ಆಳುಗಳ ಮನೆಗಳಿರುವ ಲೈನ್ ಕಡೆಗೆ ಹೊರಟುಹೋದರು. ಕೇಳಿದವಳೇ ಹಿತ್ತಿಲಿಗೆ ನಡೆದೆ.

ಅಪ್ಪ ಹಿತ್ತಿಲಲ್ಲಿ ಮೆಣಸು ಹರವುತ್ತಿದ್ದ. ನನ್ನನ್ನು ಕಂಡು ತಲೆಯೆತ್ತದೆಯೇ, "ಸಾಹುಕಾರ್ರಿಗೆ ಹೇಳ್ಬುಟ್ಟೆ ಕಣಮ್ಮ. ಮುಂದಿನ್ ಕೊಯ್ಲಿಗೆ ಬ್ಯಾರೆ ರೈಟರ್ನ ನೋಡ್ಕಳಿ ಅಂತ," ಎಂದ.

"ಯಾಕಪ್ಪಾ? ಊರೆಲ್ಲ ಆಡ್ಕೊಂಡ್ ನಗ್ತೈತೆ ಅಂತ್ಲಾ?"

"ಊರ್ ನಕ್ರೆ ನಂಗೇನಾಗ್ಬೇಕು. ಇವ್ರು ನಗ್ಲಿಲ್ವಲ್ಲ ಮಗಾ." ಅಪ್ಪ ಮೆಣಸಿನ ಮೇಲೆ ಕೈಯಾಡಿಸುತ್ತಲೇ ಇದ್ದ. "ವರ್ಷೆಲ್ಲ ಬೈತೀನಿ ನಾನು ಅವ್ರಿಗೆ. ಬೈಸ್ಕೊಂಡ್ ಮಳೇಲಿ, ಚಳೀಲಿ ದುಡೀತವೆ. ಆ ಒಂದ್ ದಿನ ಅವು ನಂಗೆ ಬೈದ್ರೆ ನಂಗೂ ಹಗುರಾಗೋದು. ಈ ವರ್ಷ ನಾನ್ ಬೈದಿದ್ದೆಲ್ಲ ಹಂಗೇ ಉಳ್ಕಂತು. ಅವ್ರ ಮುಖ ನೋಡಾಕಾಯ್ತಿಲ್ಲ ನಂಗೆ."

ಸೀದಾ ಲೈನಿಗೆ ಹೋದೆ. ಬಸಮ್ಮ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಬಾರವ್ವ ಬಾ, ಹತ್ತು ಲಕ್ಷದವ್ಳು," ಎಂದಳು.

"ಹೊಸ ಪದ ಕಟ್ಟಾಕೆ ಏನಾಗಿತ್ತು ನಿಮ್ಗೆ?" ಎಂದು ನಾನು ರೇಗಿದೆ. "ಅಪ್ಪ ಕೆಲ್ಸಾನೇ ಬಿಡ್ತೀನಿ ಅಂತ ಕುಂತೈತೆ."

ಬಸಮ್ಮ ಸುಣ್ಣದ ಡಬ್ಬಿ ಮುಚ್ಚಿದಳು. "ನಾವ್ ಕಟ್ಟೋದು, ನೀನ್ ನಾಳೆ ಅದ್ನ ಊರೂರ್ ಮೇಲೆ ಅರಚ್ಕಂಡ್ ಬರೋದು. ಅದಕ್ಕಾ ಕಟ್ಬೇಕು? ನಮ್ ರೈಟರ್ನ ನಾವ್ ಆಡ್ಕೋತೀವಿ, ಅದು ನಮ್ಮಿಷ್ಟ. ಬಸ್ಸಿನ್ ಕಂಡಕ್ಟ್ರು ಯಾರು ಆಡ್ಕಳಾಕೆ? ಆವಯ್ಯನ್ನ ನಾವೇ ಊರೋರ್ ಬಾಯಿಗ್ ಹಾಕ್ದಂಗಾಯ್ತು. ಇನ್ನ್ಯಾವ್ ಬಾಯಲ್ಲಿ ಹಾಡಾನ ಹೇಳು."

ರೇಗಿಕೊಂಡು ಹೋದವಳು ತಲೆ ತಗ್ಗಿಸಿಕೊಂಡು ಮನೆಗೆ ಬಂದೆ.

ಅದಾದ ಎರಡು ವಾರಕ್ಕೆ ಹಾಸನದಲ್ಲಿ ಕಾರ್ಯಕ್ರಮ. ಜನ "ರೈಟ್ರಪ್ಪಾ, ರೈಟ್ರಪ್ಪಾ" ಎಂದು ಕೂಗತೊಡಗಿದರು. ನಾನು ಡ್ರಮ್ಮಿನ ಕಡ್ಡಿ ಕೆಳಗಿಟ್ಟು ಕೈಕಟ್ಟಿ ಕೂತೆ. ಜೇಬಾ ಹಿಂದೆ ತಿರುಗಿ ನೋಡಿದಳು, ಬೇರೆ ಹಾಡು ಎತ್ತಿದಳು. ಕೂಗು ಹೆಚ್ಚಾಯಿತು. ಇನ್ನೊಂದು ಹಾಡು ಎತ್ತಿದಳು. ಖಾಲಿ ನೀರಿನ ಬಾಟಲಿಗಳು ಹಾರಿಬಂದವು. ನಾನು ಒಂದನ್ನು ಹಿಡಿದು ತಿರುಗಿಸಿ ಎಸೆದೆ. ಅದು ಹೋಗಿ ಮುಂದಿನ ಸಾಲಿನ ಮುಖ್ಯ ಅತಿಥಿಗಳಿಗೆ ತಗುಲಿತು. ಅಲ್ಲಿಗೆ ಕಾರ್ಯಕ್ರಮ ಮುಗಿಯಿತು.

ವಾಪಸ್ ಬರುವಾಗ ಪಿಕಪ್ಪಿನಲ್ಲಿ ಧರ್ಮ ಕೂಗಾಡಿದ. "ನಿಂಗೇನ್ ಹುಚ್ಚೇನೆ? ಆ ಹಾಡ್ ಬಿಟ್ರೆ ನಮ್ಹತ್ರ ಏನೈತೆ?"

"ಏನೂ ಇಲ್ಲ," ಎಂದೆ. "ಅದೂ ನಮ್ದಲ್ಲ." ಆಮೇಲೆ ಎಲ್ಲ ಹೇಳಿದೆ. ಪೆಟ್ಟಿಗೆ, ಫೋನು, ಮೈಸೂರುಪಾಕು.

ಆಲೂರು ದಾಟುತ್ತಲೇ ಜೇಬಾ ತನ್ನ ಫೋನು ತೆಗೆದು ವಿಡಿಯೋ ಅಳಿಸಿದಳು. "ಜೊಳ್ಳು ಸ್ವಲ್ಪ ದಿನ ತಳಕ್ಕೆ ಹೋಗಿದೆ, ಗಟ್ಟಿಯಾದ ಮೇಲೆ ನೋಡೋಣ," ಎಂದು ಬರೆದು ಹಾಕಿದಳು. ಧರ್ಮ ನನ್ನ ಜೊತೆ ನಾಲ್ಕು ತಿಂಗಳು ಮಾತು ಬಿಟ್ಟ. ಬಿಡಲಿ, ನಾನಾಗಿದ್ದರೆ ಎಂಟು ತಿಂಗಳು ಬಿಡುತ್ತಿದ್ದೆ.

ನವೆಂಬರ್ ಬಂತು, ಹಣ್ಣು ಕೆಂಪಾಯಿತು, ಅಪ್ಪ ಮನೆಯಲ್ಲೇ ಕೂತ. ಸಾಹುಕಾರರು ತಂದ ಹೊಸ ರೈಟರ್ ಬಸಮ್ಮನ ಬಾಯಿಗೆ ಹೆದರಿ ನಾಲ್ಕೇ ದಿನಕ್ಕೆ ಓಡಿಹೋದ. ಅಪ್ಪ ಕೂತ ಕೂತಲ್ಲೇ ಚಡಪಡಿಸುವುದು ನೋಡಲಾರದೆ, "ನಾನ್ ಹೋಗ್ತೀನಿ," ಎಂದೆ.

"ನೀನಾ?" ಅಪ್ಪ ಎಷ್ಟೋ ತಿಂಗಳ ಮೇಲೆ ಬಾಯಿತುಂಬ ನಕ್ಕ. "ಎಂಟಕ್ಕೆ ಹಾಜರಿ ಕಣಮ್ಮ. ಬೆಳಿಗ್ಗೆ ಎಂಟು."

ಹೋದೆ. ನನ್ನ ಎಡವಟ್ಟುಗಳನ್ನೆಲ್ಲ ಹೇಳುತ್ತಾ ಕೂತರೆ ಇನ್ನೊಂದು ಕೊಯ್ಲು ಬರುತ್ತದೆ. ಮೊದಲ ದಿನವೇ ಇಬ್ಬರು ಜಯಮ್ಮಂದಿರ ಹಾಜರಿಯನ್ನು ಒಬ್ಬಳಿಗೇ ಹಾಕಿದೆ. ತೂಗುವಾಗ ತಕ್ಕಡಿಯ ಮೇಲೆ ನನ್ನದೇ ಕಾಲಿಟ್ಟುಕೊಂಡು, ಬಸಮ್ಮನ ಚೀಲ ಇಷ್ಟು ಭಾರ ಹೇಗೆ ಎಂದು ಜಗಳವಾಡಿದೆ. ಎಲ್ಲಕ್ಕಿಂತ ದೊಡ್ಡದು ಡಿಸೆಂಬರಿನಲ್ಲಾಯಿತು. ಮೇಲಿನ ಗುಡ್ಡಕ್ಕೆ ನಲವತ್ತು ಹೆಂಗಸರನ್ನು ಕರೆದುಕೊಂಡು ಹೋಗಿ, ಸಿಲ್ವರ್ ಮರಗಳ ಸಾಲಿನಾಚೆ ಇಳಿಸಿ, "ಬೇಗ ಬೇಗ ಕೊಯ್ರಿ," ಎಂದು ಕೂಗಾಡುತ್ತಾ ನಿಂತೆ. ಮಧ್ಯಾಹ್ನ ಪಕ್ಕದ ಎಸ್ಟೇಟಿನ ಸಾಹುಕಾರರು ಜೀಪಿನಲ್ಲಿ ಬಂದು, "ಯಾರಮ್ಮ ನೀನು, ನನ್ ತೋಟದಲ್ಲಿ ನಿಂತು ನನ್ ಹಣ್ಣು ಕೊಯ್ಯಿಸ್ತಿರೋದು?" ಎಂದಾಗಲೇ ನನಗೆ ಗೊತ್ತಾದದ್ದು. ಅರ್ಧ ದಿನ ನಾವು ಬೇರೆಯವರ ಕಾಫಿ ಕೊಯ್ದಿದ್ದೆವು.

"ನಲವತ್ತು ವರ್ಷದಿಂದ ಇಲ್ಲಿದೀಯ, ಬೌಂಡ್ರಿ ಗೊತ್ತಿರ್ಲಿಲ್ವಾ?" ಎಂದು ಬಸಮ್ಮನನ್ನು ಕೇಳಿದೆ.

"ಗೊತ್ತಿತ್ತಲ್ಲ," ಎಂದಳು ಅವಳು. "ರೈಟ್ರು ಹೇಳ್ದಂಗೆ ಕೇಳ್ಬೇಕಲ್ವಾ."

ದಿನಾ ಸಂಜೆ ಅಪ್ಪ ಕಾಫಿ ಲೋಟ ಹಿಡಿದುಕೊಂಡು, "ಇವತ್ತೇನ್ ಮಾಡ್ಬುಟ್ಟೆ?" ಎಂದು ಕೇಳುವುದು, ನಾನು ಹೇಳುವುದು, ಅವನು ಹೊಟ್ಟೆ ಹಿಡಿದುಕೊಂಡು ನಗುವುದು. ಅವನು ನಕ್ಕರೆ ನನಗೂ ಹಿತವಾಗುತ್ತಿತ್ತು, ಆದರೆ ಎಸ್ಟೇಟಿಗೆ ವಾಪಸ್ ಬರುತ್ತೇನೆ ಎಂದು ಮಾತ್ರ ಅವನು ಅನ್ನಲಿಲ್ಲ.

ಫೆಬ್ರವರಿಯಲ್ಲಿ ಕೊಯ್ಲಿನ ಕೊನೆಯ ದಿನ ಬಂತು. ಜೇಬಾ ಮತ್ತು ಧರ್ಮನನ್ನು ನಾನೇ ಕರೆಸಿಕೊಂಡಿದ್ದೆ, ಒಬ್ಬಳೇ ನಿಲ್ಲುವ ಧೈರ್ಯ ಇರಲಿಲ್ಲ. ಕಡೆಯ ಚೀಲ ತೂಗಿದೆ. ಹೆಂಗಸರು ಚೀಲ ಹಾಸಿ ಕೂತರು. ಇವರು ಎದ್ದು ಹೋದರೆ, ಅಪ್ಪನಿಂದ ನಾನು ಕಿತ್ತುಕೊಂಡದ್ದು ಇನ್ನು ಯಾವತ್ತೂ ಅವನಿಗೆ ವಾಪಸ್ ಸಿಗುವುದಿಲ್ಲ.

ಬಸಮ್ಮ ಹಣ್ಣಿನ ಬುಟ್ಟಿಯೊಂದನ್ನು ಮಧ್ಯಕ್ಕೆ ತಳ್ಳಿದಳು. "ಎಲ್ರೂ ಫೋನ್ ಇದ್ರಾಗ್ ಹಾಕ್ರಿ. ಲೇ ಗಿಟಾರು, ನಿಂದೂ ಹಾಕು." ಧರ್ಮ ಹಾಕಿದ. ಅವಳು ನನ್ನ ಕಡೆ ತಿರುಗಿ ಗಲ್ಲ ಎತ್ತಿದಳು. "ಏನ್ ನೋಡ್ತೀಯ? ಪೆಟ್ಟಿಗೆ ಹತ್ತು."

ಹತ್ತಿದೆ. ಅವಳು ಪದ ಎತ್ತಿದಳು.

ಅದರ ಒಂದು ಸಾಲನ್ನೂ ನಾನಿಲ್ಲಿ ಬರೆಯುವುದಿಲ್ಲ. ಕೇಳಬೇಡಿ. ಅರ್ಧ ಗಂಟೆ ಹಾಡಿದರು. ಪಕ್ಕದ ತೋಟ ಬಂತು, ತಕ್ಕಡಿ ಬಂತು, ಮುಖ್ಯ ಅತಿಥಿಗಳಿಗೆ ತಗುಲಿದ ಬಾಟಲಿ ಕೂಡ ಬಂತು. ಮೊದಲು ಕೋಪ ನೆತ್ತಿಗೇರಿತು, ಎದುರಾಡುವಂತಿಲ್ಲವಲ್ಲ ಎಂದು ಹಲ್ಲು ಕಚ್ಚಿದೆ. ಆಮೇಲೆ ನಗು ಬಂತು. ಆಮೇಲೆ ನಾಲ್ಕು ತಿಂಗಳು ಅವರ ಮೇಲೆ ಕೂಗಾಡಿದ್ದೆಲ್ಲ ಎದೆಯಿಂದ ಇಳಿದುಹೋದಂತಾಗಿ ಅಳುವೂ ಬಂತು. ಇಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಬೈದಿರಲಿಲ್ಲ. ಧರ್ಮನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಜೇಬಾ ಅದರ ಮೇಲೆ ಪಟ್ಟೆಂದು ಒಂದು ಕೊಟ್ಟಳು.

ಆಗ ಒಂದು ಸೊಲ್ಲು ಬಂತು. ಪಕ್ಕದ ಸಾಹುಕಾರರ ಹತ್ತಿರ ಬೈಸಿಕೊಂಡ ದಿನ ನಾನು ಪಲ್ಪರ್ ಶೆಡ್ಡಿನ ಹಿಂದೆ ಹೋಗಿ ಮೂಗು ಸೋರಿಸಿಕೊಂಡು ಅತ್ತಿದ್ದು. ಅದನ್ನು ನಾನು ಹೇಳಿದ್ದು ಒಬ್ಬರಿಗೇ. ಕತ್ತೆತ್ತಿ ನೋಡಿದೆ. ಹೆಂಗಸರ ಹಿಂದಿನ ಸಾಲಿನಲ್ಲಿ ಅಪ್ಪ ಚೀಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಎಲ್ಲರಿಗಿಂತ ಜೋರಾಗಿ ಸೊಲ್ಲು ಹಾಕುತ್ತಿದ್ದ. ದಿನಾ ಸಂಜೆ ನನ್ನಿಂದ ಕೇಳಿದ್ದನ್ನೆಲ್ಲ ದಿನಾ ಬೆಳಿಗ್ಗೆ ಲೈನಿಗೆ ಹೋಗಿ ಒಪ್ಪಿಸಿ ಬರುತ್ತಿದ್ದ ಕಳ್ಳ!

ಪದ ಮುಗಿಯಿತು. ಅಪ್ಪ ಎದ್ದು ಬಂದ. ಕಣ್ಣಲ್ಲಿ ನಗುವಿನ ನೀರು, ಮುಖದಲ್ಲಿ ಮಾತ್ರ ಹೊಟ್ಟೆಕಿಚ್ಚು.

"ಮೂವತ್ತೊಂದು ವರ್ಷ ನಿಂತಿದೀನಿ. ಒಂದ್ಸಲಾನಾರ ನಂಗೆ ಇಷ್ಟ್ ಚೆನ್ನಾಗಿ ಕಟ್ಟಿದ್ರೇನೇ ಬಸಮ್ಮ?"

"ಬರ್ರಿ ಮತ್ತೆ ಮುಂದಿನ್ ವರ್ಷ," ಎಂದಳು ಬಸಮ್ಮ. "ಮನೇಲ್ ಕುಂತೋರ್ ಮ್ಯಾಲೆ ಏನಂತ ಕಟ್ಟಾದು?"

ಅಪ್ಪ ಒಂದು ಗಳಿಗೆ ಅವರನ್ನೆಲ್ಲ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಹಾಜರಿ ಕರೆಯುವ ದನಿಯಲ್ಲಿ, "ಇಳಿಯೇ ಕೆಳಕ್ಕೆ," ಎಂದು ಗದರಿದ. "ಸಾಕು ನಿನ್ ರೈಟರ್‌ಗಿರಿ. ಮುಂದಿನ್ ಕೊಯ್ಲಿಗೆ ಅಲ್ಲಿ ನಾನೇ ನಿಲ್ಲೋದು."

ಇಳಿದೆ. ಇಷ್ಟು ಖುಷಿಯಾಗಿ ನಾನು ಯಾವ ಸ್ಟೇಜಿನಿಂದಲೂ ಇಳಿದಿರಲಿಲ್ಲ.